ಬಾವಿಯಲ್ಲಿರುವವರು, ದಂಡೆಯ ಮೇಲಿರುವವರು

ಕಚೇರಿಯಲ್ಲಿ ಯಾರಾದರೂ ನಿವೃತ್ತರಾಗುವ ದಿನ ನಡೆಯುವ ಸಭೆಯಲ್ಲಿ ಒಂದು ಶಾಲು, ಒಂದು ಹೂಗುಚ್ಛ, ಎರಡು ಸಮೋಸ ಮತ್ತು ‘ತ್ಯಾಗ’ ಎಂಬ ಮಾತು ತಪ್ಪದೆ ಬರುತ್ತವೆ. ಮೂವತ್ತೈದು ವರ್ಷ ಒಂದನೇ ತಾರೀಖಿನ ದಾರಿ ಕಾಯುತ್ತಲೇ ದುಡಿದ ಮನುಷ್ಯ ಆ ಒಂದು ಗಂಟೆಯ ಮಟ್ಟಿಗೆ ತ್ಯಾಗಮೂರ್ತಿಯಾಗುತ್ತಾನೆ. ಶ್ರದ್ಧಾಂಜಲಿ ಸಭೆಗಳಲ್ಲೂ ಹಾಗೆಯೇ, ಮದುವೆಮನೆಯಲ್ಲಿ ಹುಡುಗಿಯ ತಾಯಿಯನ್ನು ಹೊಗಳುವಾಗಲೂ ಹಾಗೆಯೇ. ಕೇಳುವವರು ತಲೆದೂಗುತ್ತಾರೆ, ಒಂದಿಬ್ಬರು ಕಣ್ಣನ್ನೂ ಒರೆಸಿಕೊಳ್ಳುತ್ತಾರೆ. ಆದರೆ ಮಾತನಾಡಿದವರನ್ನು ಯಾರೂ ತಡೆದು ಕೇಳುವುದಿಲ್ಲ: ಏನನ್ನು ಬಿಟ್ಟುಕೊಟ್ಟರು? ಯಾರಿಗಾಗಿ? ಬಿಟ್ಟುಕೊಡಿ ಎಂದು ಹೇಳಿದವರು ಯಾರು? ಹಾಗೆ ಬಿಟ್ಟುಕೊಟ್ಟದ್ದರಿಂದ ಕೊನೆಗೆ ಯಾರ ಹೊರೆ ಹಗುರವಾಯಿತು?

ಇಂಥ ಪ್ರಶ್ನೆಗಳಿಗೆ ಹೆದರದ ಒಬ್ಬ ಚೀನೀ ಗುರುವಿನ ಸಹವಾಸ ನಮಗೆ ಒಂದು ವರ್ಷದಿಂದ ಆಗಿದೆ. ದರಿಯಾಗಂಜಿನ ಕಾಲುದಾರಿಯ ಭಾನುವಾರದ ಪುಸ್ತಕದ ಸಂತೆ 2019ರಲ್ಲಿ ಮಹಿಳಾ ಹಾಟ್‌ಗೆ ಎತ್ತಂಗಡಿಯಾದದ್ದು ದಿಲ್ಲಿಯ ವಾಚಕರಿಗೆಲ್ಲ ಗೊತ್ತು. ಅಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಕನ್ಫ್ಯೂಷಿಯಸ್ ಮತ್ತು ಮೆನ್ಶಿಯಸ್ ಇಬ್ಬರೂ ಒಟ್ಟಿಗೆ ಸಿಕ್ಕಿದರು. ಎರಡೂ ಡಿ. ಸಿ. ಲಾವ್ ಅವರ ಇಂಗ್ಲಿಷ್ ಅನುವಾದಗಳು. ನಾವು ಓದಿದ್ದು ಬಿ.ಎಸ್‌ಸಿ., ತತ್ತ್ವಶಾಸ್ತ್ರದ ತರಗತಿಯ ಬಾಗಿಲನ್ನೂ ನೋಡಿದವರಲ್ಲ. ಆದರೂ ಆ ಪುಸ್ತಕಗಳನ್ನು ಕೆಳಗಿಡಲಾಗಲಿಲ್ಲ. ಅದಕ್ಕೆ ಮೊದಲ ಕಾರಣ ಹೇಳಿದರೆ ಪಂಡಿತರು ನಕ್ಕಾರು: ಆ ಮಹಾಪುರುಷ ಮೊದಲು ನಮ್ಮ ಹಾಗೆ ಗುಮಾಸ್ತನಾಗಿದ್ದ.

ಕ್ರಿ.ಪೂ. 551ರಲ್ಲಿ ಲು ಎಂಬ ಸಣ್ಣ ರಾಜ್ಯದಲ್ಲಿ, ಇಂದಿನ ಶಾನ್‌ಡಾಂಗ್ ಪ್ರಾಂತದ ಚೂಫು ಊರಿನ ಬಳಿ, ಆತ ಹುಟ್ಟಿದ. ಮನೆತನದ ಹೆಸರು ಕೊಂಗ್. ‘ಕೊಂಗ್ ಫುಝೀ’ ಎಂದರೆ ಕೊಂಗ್ ಗುರುಗಳು. ಅದನ್ನು ಯೂರೋಪಿನ ಪಾದ್ರಿಗಳು ಲ್ಯಾಟಿನ್ನಿಗೆ ಒಗ್ಗಿಸಿ ಕನ್ಫ್ಯೂಷಿಯಸ್ ಎಂದು ಕರೆದರು. ಹುಡುಗನಿಗೆ ಮೂರು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡ. ಬಡತನದಲ್ಲಿ ಬೆಳೆದ ಆತ ಮೊದಲು ಸರ್ಕಾರದ ಉಗ್ರಾಣದ ಲೆಕ್ಕ ನೋಡಿಕೊಂಡ, ಆಮೇಲೆ ಸರ್ಕಾರದ ಹುಲ್ಲುಗಾವಲಿನ ಮೇಲ್ವಿಚಾರಣೆ ಮಾಡಿದ. ಈ ಸಂಗತಿಯನ್ನು ಹೇಳುವವನು ಮೆನ್ಶಿಯಸ್. ಉಗ್ರಾಣದಲ್ಲಿದ್ದಾಗ ಲೆಕ್ಕ ಸರಿಯಾಗಿದ್ದರೆ ಸಾಕು ಎನ್ನುತ್ತಿದ್ದನಂತೆ, ಹುಲ್ಲುಗಾವಲಿನಲ್ಲಿದ್ದಾಗ ದನಕುರಿ ಕೊಬ್ಬಿ ಬೆಳೆದರೆ ಸಾಕು ಎನ್ನುತ್ತಿದ್ದನಂತೆ. ಎಂಥ ಒಳ್ಳೆಯ ಗುಮಾಸ್ತ! ಆದರೆ ಮೆನ್ಶಿಯಸ್ ಅದೇ ಉಸುರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಕೆಳಗಿನ ಹುದ್ದೆಯಲ್ಲಿದ್ದುಕೊಂಡು ದೊಡ್ಡ ದೊಡ್ಡ ವಿಷಯಗಳನ್ನು ಮಾತನಾಡುವುದು ಅಪರಾಧ. ಆ ಲೆಕ್ಕಕ್ಕೆ ಈ ಲೇಖನವೇ ಒಂದು ಅಪರಾಧ. ಸಂಪಾದಕರು ಇದರಲ್ಲಿ ಪಾಲುದಾರರು. ಮುಂದುವರಿಯುತ್ತೇವೆ.

ಕನ್ಫ್ಯೂಷಿಯಸ್ ತಾನಾಗಿ ಗ್ರಂಥ ಬರೆದು ಸಿದ್ಧಾಂತ ಮಂಡಿಸಿದವನಲ್ಲ. ಶಿಷ್ಯರೂ ಅವರ ಶಿಷ್ಯರೂ ನೆನಪಿಟ್ಟು ಕೂಡಿಸಿದ ಸಂಭಾಷಣೆಗಳೇ ‘ಲುನ್‌ಯು’, ಅದರಲ್ಲಿ ಇಪ್ಪತ್ತು ಅಧ್ಯಾಯಗಳು. ಅದರ ಜೀವಾಳವಾದ ಮಾತು ‘ರೆನ್’. ಚೀನೀ ಲಿಪಿಯಲ್ಲಿ ಮನುಷ್ಯ ಎಂಬ ಗುರುತಿನ ಪಕ್ಕದಲ್ಲಿ ಎರಡು ಎಂಬ ಅಂಕಿಯನ್ನು ಬರೆದರೆ ರೆನ್ ಆಗುತ್ತದೆ. ಕರುಣೆ, ಮಾನವೀಯತೆ, ಸದ್ಗುಣ ಎಂದು ಏನೇ ಅನುವಾದಿಸಿದರೂ ಒಂದಿಷ್ಟು ಹೊರಗೇ ಉಳಿಯುತ್ತದೆ. ಒಬ್ಬ ಮನುಷ್ಯ ಇನ್ನೊಬ್ಬನ ಎದುರಿಗೆ ಹೇಗಿರಬೇಕೋ ಹಾಗಿರುವುದು ಎಂದು ನಾವು ನಮ್ಮ ಮಟ್ಟಿಗೆ ಅರ್ಥ ಮಾಡಿಕೊಂಡಿದ್ದೇವೆ. ಗುಡ್ಡದ ಗುಹೆಯಲ್ಲಿ ಒಬ್ಬನೇ ಕುಳಿತು ಸಾಧಿಸುವ ಗುಣ ಇದಲ್ಲ.

ಈ ರೆನ್‌ಗಾಗಿ ಪ್ರಾಣವನ್ನೂ ಕೊಡಬೇಕಾಗಬಹುದು ಎಂದು ಕನ್ಫ್ಯೂಷಿಯಸ್ ಸ್ಪಷ್ಟವಾಗಿಯೇ ಹೇಳಿದ್ದಾನೆ. ದೃಢಮನಸ್ಸಿನವನು ರೆನ್‌ಗೆ ಕುಂದು ತಂದುಕೊಂಡು ಬದುಕಲು ನೋಡುವುದಿಲ್ಲ, ರೆನ್ ಪೂರ್ಣವಾಗುವುದಾದರೆ ಜೀವ ಬಿಡಲು ಸಿದ್ಧನಿರುತ್ತಾನೆ ಎಂಬುದು ಆ ಮಾತಿನ ಭಾವ. ನೂರು ವರ್ಷದ ಮೇಲೆ ಹುಟ್ಟಿದ ಮೆನ್ಶಿಯಸ್ ಇದನ್ನೇ ಅಡುಗೆಮನೆಯ ಭಾಷೆಗೆ ಇಳಿಸಿದ. ತನಗೆ ಮೀನೂ ಇಷ್ಟ, ಕರಡಿಯ ಪಂಜವೂ ಇಷ್ಟ, ಎರಡೂ ಸಿಗದೆಂದಾದರೆ ಮೀನನ್ನು ಬಿಟ್ಟು ಕರಡಿಯ ಪಂಜವನ್ನು ಆರಿಸಿಕೊಳ್ಳುತ್ತೇನೆ ಎಂದ. ಹಾಗೆಯೇ ಜೀವವೂ ಇಷ್ಟ, ನ್ಯಾಯವೂ ಇಷ್ಟ, ಎರಡೂ ಸಿಗದಿದ್ದರೆ ನ್ಯಾಯ. ನಮ್ಮಂಥ ಸಸ್ಯಾಹಾರಿಗಳಿಗೆ ಉಪಮೆ ಹಿಡಿಸದಿರಬಹುದು. ಆದರೆ ಜೀವ ಕೀಳು, ದೇಹ ತೃಣ ಎಂದು ಆತ ಎಲ್ಲಿಯೂ ಹೇಳುವುದಿಲ್ಲ. ಬಿಡುತ್ತಿರುವುದು ಒಳ್ಳೆಯ ವಸ್ತುವನ್ನೇ ಎಂಬ ಅರಿವು ಆ ಮಾತಿನಲ್ಲಿದೆ.

ಈ ಮಾತುಗಳನ್ನು ನಂಬಿ ಸತ್ತವರೂ ಉಂಟು. ಸೊಂಗ್ ಸಾಮ್ರಾಜ್ಯದ ಮಂತ್ರಿ ವೆನ್ ತಿಯಾನ್‌ಶಿಯಾಂಗ್ ಮಂಗೋಲರಿಗೆ ಸೆರೆಸಿಕ್ಕಿದ. 1279ರಲ್ಲಿ ಆ ಸಾಮ್ರಾಜ್ಯವೇ ಮುಳುಗಿಹೋಯಿತು. ಆತನನ್ನು ಈಗಿನ ಬೀಜಿಂಗ್ ಇರುವಲ್ಲಿಗೆ ಒಯ್ದು ಮೂರು ವರ್ಷಕ್ಕೂ ಹೆಚ್ಚು ಕಾಲ ಇಟ್ಟರು. ತನ್ನ ಕೈಕೆಳಗೆ ದೊಡ್ಡ ಪದವಿ ಕೊಡುತ್ತೇನೆಂದು ಕುಬ್ಲಾಯ್ ಖಾನನೇ ಕರೆದರೂ ಒಪ್ಪಲಿಲ್ಲ. 1283ರ ಜನವರಿಯಲ್ಲಿ ಆತನ ತಲೆ ತೆಗೆದರು. ಸೊಂಟದ ಪಟ್ಟಿಯಲ್ಲಿ ಒಂದು ಬರಹ ಸಿಕ್ಕಿತಂತೆ. ಕನ್ಫ್ಯೂಷಿಯಸ್ಸನ ರೆನ್ ಮತ್ತು ಮೆನ್ಶಿಯಸ್ಸನ ನ್ಯಾಯ ಎರಡನ್ನೂ ಅದರಲ್ಲಿ ನೆನೆದಿದ್ದ. ಆಗ ಆತನಿಗೆ ನಲವತ್ತಾರು ವರ್ಷ. ಈಗ ನಮಗೂ ಅಷ್ಟೇ ಆಗಿದೆ.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದ್ದರೆ ಬೀಳ್ಕೊಡುಗೆ ಸಭೆಯಲ್ಲಿ ಭಾಷಣ ಮಾಡಲು ಸಾಕಾಗುತ್ತಿತ್ತು. ಆದರೆ ಆ ಪುಸ್ತಕದಲ್ಲಿ ಇದಕ್ಕೆ ಎದುರು ಮುಖವೂ ಇದೆ.

ಝಾಯ್ ವೋ ಎಂಬ ಶಿಷ್ಯ ಸ್ವಲ್ಪ ತಂಟೆಕೋರ. ಒಂದು ದಿನ ಗುರುವಿಗೇ ಕೊಕ್ಕೆ ಹಾಕಿದ: ಬಾವಿಯಲ್ಲಿ ರೆನ್ ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಸಜ್ಜನನಾದವನು ಹಿಂದೆಯೇ ಹಾರಬೇಕೋ? ಗುರುವಿಗೆ ಸಿಟ್ಟು ಬರಲಿಲ್ಲ. ಹಾಗೇಕೆ ಆಗಬೇಕು ಎಂದು ಕೇಳಿದ. ಸಜ್ಜನನನ್ನು ಬಾವಿಯವರೆಗೆ ಓಡಿಸಬಹುದು, ಒಳಕ್ಕೆ ಕೆಡವಲಾಗದು. ಅವನಿಗೆ ಸುಳ್ಳು ಹೇಳಿ ನಂಬಿಸಬಹುದು, ಅವನನ್ನು ಮಂಕನನ್ನಾಗಿ ಮಾಡಲಾಗದು. ಇದು ಉತ್ತರದ ಸಾರ. ಬಾವಿಯವರೆಗೆ ಓಡದೆ ಇರುವವನು ಸಜ್ಜನನಲ್ಲ ಎಂಬುದೂ ಇದರಲ್ಲೇ ಇದೆ, ಗಮನಿಸಬೇಕು. ಓಡಿಹೋಗಿ ಬಗ್ಗಿ ನೋಡಬೇಕು. ಹಗ್ಗವನ್ನೋ ಏಣಿಯನ್ನೋ ತರಬೇಕು ಎಂಬುದು ಪುಸ್ತಕದಲ್ಲಿಲ್ಲ, ನಾವು ಸೇರಿಸಿದ್ದು.

ಇನ್ನೊಬ್ಬ ಶಿಷ್ಯ ಝೀಲು ಮಹಾ ಧೈರ್ಯಶಾಲಿ. ಸೈನ್ಯ ನಡೆಸುವಾಗ ಜೊತೆಗೆ ಯಾರನ್ನು ಕರೆದೊಯ್ಯುತ್ತೀರಿ ಎಂದು ಕೇಳಿದ, ತನ್ನ ಹೆಸರು ಬರುತ್ತದೆಂಬ ಆಸೆಯಿಂದ. ಬರಿಗೈಯಲ್ಲಿ ಹುಲಿಯೊಡನೆ ಹೋರಾಡಿ, ದೋಣಿಯಿಲ್ಲದೆ ನದಿಗೆ ಧುಮುಕಿ, ಪಶ್ಚಾತ್ತಾಪವಿಲ್ಲದೆ ಸಾಯುವವನು ತನಗೆ ಬೇಡ ಎಂದ ಗುರು. ಎದುರಿಗಿರುವ ಕೆಲಸಕ್ಕೆ ಅಂಜುವವನು, ಯೋಚಿಸಿ ಕೆಲಸವನ್ನು ಮುಗಿಸುವವನು ಬೇಕು ಎಂದ. ಝೀಲು ಬದಲಾಗಲಿಲ್ಲ. ಕ್ರಿ.ಪೂ. 480ರಲ್ಲಿ ವೇಯ್ ರಾಜ್ಯದ ಅರಮನೆಯ ಗಲಭೆಯಲ್ಲಿ ತನ್ನ ಒಡೆಯನ ಪರವಾಗಿ ನುಗ್ಗಿದ. ಹೊಡೆದಾಟದಲ್ಲಿ ಟೋಪಿಯ ದಾರ ಹರಿಯಿತು. ಸಜ್ಜನ ಟೋಪಿ ಕಳಚಿಕೊಂಡು ಸಾಯಬಾರದೆಂದು ದಾರ ಕಟ್ಟಿಕೊಳ್ಳುತ್ತಿದ್ದಾಗಲೇ ಕಡಿದರು. ಅರವತ್ತು ದಾಟಿದ್ದ ಶಿಷ್ಯನ ಸುದ್ದಿ ಕೇಳಿ ಗುರು ಅತ್ತ. ಮರುವರ್ಷ ಆತನೂ ತೀರಿಕೊಂಡ.

ನಮ್ಮನ್ನು ಹೆಚ್ಚು ಕಾಡಿದ್ದು ಗುವಾನ್ ಝಾಂಗನ ಕಥೆ. ಕನ್ಫ್ಯೂಷಿಯಸ್ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು ಚೀ ರಾಜ್ಯದಲ್ಲಿ ಅಣ್ಣತಮ್ಮಂದಿರಿಗೆ ಸಿಂಹಾಸನದ ಜಗಳ ಬಂತು. ಗುವಾನ್ ಝಾಂಗ್ ಮತ್ತು ಶಾವೋ ಹೂ ಇಬ್ಬರೂ ಜಿಯೂ ಎಂಬ ರಾಜಕುಮಾರನ ಕಡೆಯವರು. ಜಿಯೂ ಸೋತು ಕೊಲೆಯಾದ. ಶಾವೋ ಹೂ ಒಡೆಯನ ಹಿಂದೆಯೇ ಪ್ರಾಣ ಬಿಟ್ಟ. ಗುವಾನ್ ಝಾಂಗ್ ಸಾಯಲಿಲ್ಲ. ಸಾಲದೆಂಬಂತೆ ಒಡೆಯನನ್ನು ಕೊಲ್ಲಿಸಿದ ಹುವಾನ್ ದೊರೆಗೇ ಮಂತ್ರಿಯಾದ. ಇವನಲ್ಲಿ ರೆನ್ ಇಲ್ಲ, ಅಲ್ಲವೇ ಎಂದು ಶಿಷ್ಯರು ಕೇಳಿದರು. ನಾವಾದರೂ ಅದನ್ನೇ ಕೇಳುತ್ತಿದ್ದೆವು. ಗುರು ಹೇಳಿದ್ದು ಬೇರೆ: ಗುವಾನ್ ಝಾಂಗನ ಬಲದಿಂದ ಹುವಾನ್ ದೊರೆ ಯುದ್ಧದ ರಥ ಹೂಡದೆಯೇ ಅರಸರನ್ನೆಲ್ಲ ಒಂದುಗೂಡಿಸಿದ, ಜನ ಇಂದಿಗೂ ಅದರ ಫಲ ಉಣ್ಣುತ್ತಿದ್ದಾರೆ. ಯಾರಿಗೂ ಗೊತ್ತಾಗದಂತೆ ಹಳ್ಳದಲ್ಲಿ ನೇಣು ಹಾಕಿಕೊಳ್ಳುವ ಸಣ್ಣ ನಿಷ್ಠೆಯನ್ನು ಅವನಿಂದ ಏಕೆ ಬಯಸುತ್ತೀರಿ ಎಂದು ಕೇಳಿದ. ಹಾಗೆಂದು ಗುವಾನ್ ಝಾಂಗನ ದೌಲತ್ತನ್ನೂ ನಡತೆಯ ಕೊರತೆಯನ್ನೂ ಇನ್ನೊಂದೆಡೆ ಟೀಕಿಸದೆ ಬಿಡಲಿಲ್ಲ.

ನಾವು ಹಾಸನದ ಸೀಮೆಯವರು. ಈ ಭಾಗವನ್ನು ಓದುತ್ತಿದ್ದಾಗ ಹಳೇಬೀಡಿನ ಕಂಬವೊಂದು ಕಣ್ಣ ಮುಂದೆ ಬಂತು. ಹೊಯ್ಸಳೇಶ್ವರ ದೇವಾಲಯದ ಬಳಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬವಿದೆ. ಒಡೆಯನೊಡನೆ ಸಾಯುವೆವೆಂದು ಪ್ರತಿಜ್ಞೆ ಮಾಡಿದ ಗರುಡರು ಕತ್ತಿಯಿಂದ ತಮ್ಮ ಕೊರಳನ್ನೇ ಅರಿದುಕೊಳ್ಳುವ ಚಿತ್ರಗಳನ್ನು ಅದರಲ್ಲಿ ಕೆತ್ತಿದ್ದಾರೆ. ಶಾಲೆಯ ಪ್ರವಾಸದಲ್ಲಿ ಮೇಷ್ಟರು ತೋರಿಸಿದಾಗ ಮೈ ಜುಮ್ಮೆಂದಿತ್ತು. ಈಗಲೂ ಅನ್ನುತ್ತದೆ. ಆದರೆ ಆ ಚೀನೀ ಗುರು ಕಂಬದ ಮುಂದೆ ನಿಂತಿದ್ದರೆ, ಅರಸ ಹೋದ ಮೇಲೆ ಆ ನಾಡಿನ ಕೆರೆಕಟ್ಟೆಗಳನ್ನು ಯಾರು ನೋಡಿಕೊಂಡರು ಎಂದು ಮೇಷ್ಟರನ್ನು ಕೇಳುತ್ತಿದ್ದನೇನೋ.

ಹಾಗಾದರೆ ಸಾಯುವುದು ಸರಿಯೋ, ಬದುಕುವುದು ಸರಿಯೋ? ಇದಕ್ಕೆ ಸೂತ್ರವಿಲ್ಲ. ಶಾಂಗ್ ವಂಶದ ಕೊನೆಯ ಅರಸ ಕ್ರೂರಿ. ಅವನ ಬಂಧುಗಳು ಮೂವರು. ವೇಯ್‌ಝೀ ರಾಜ್ಯ ಬಿಟ್ಟುಹೋದ. ಜೀಝೀ ಹುಚ್ಚನಂತೆ ನಟಿಸಿ ಗುಲಾಮನಾಗಿ ಉಳಿದ. ಬೀ ಗಾನ್ ಎದುರಿಗೆ ನಿಂತು ಬುದ್ಧಿ ಹೇಳಿ ಕೊಲೆಯಾದ. ಸತ್ತವನೊಬ್ಬನೇ ದೊಡ್ಡವನು ಎಂದು ಕನ್ಫ್ಯೂಷಿಯಸ್ ಹೇಳಬಹುದಿತ್ತು. ಹೇಳಲಿಲ್ಲ, ಮೂವರಲ್ಲೂ ರೆನ್ ಇತ್ತು ಎಂದ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದೇ ಲವಣಕ್ಕೆ ಮೂವರು ವಿದ್ಯಾರ್ಥಿಗಳು ಮೂರು ಉತ್ತರ ಬರೆದು ಮೂವರಿಗೂ ಪೂರ್ತಿ ಅಂಕ ಬಂದಂತೆ ನಮಗೆ ಮೊದಲು ಕಂಡಿತು. ಆಮೇಲೆ ಹೊಳೆಯಿತು: ಪರೀಕ್ಷೆ ಇದ್ದದ್ದು ಕಳೆದುಕೊಂಡದ್ದು ಎಷ್ಟು ಎಂಬುದರ ಮೇಲಲ್ಲ. ದುಷ್ಟತನಕ್ಕೆ ಕೈಜೋಡಿಸಲಿಲ್ಲ ಎಂಬುದರಲ್ಲಿ ಮೂವರೂ ಒಂದೇ.

ಇಲ್ಲಿಗೆ ಗುರುವಿನ ಮಾತು ಮುಗಿಯಿತು. ಆಮೇಲಿನ ಎರಡು ಸಾವಿರ ವರ್ಷಗಳಲ್ಲಿ ಅವನ ಹೆಸರು ಹೇಳಿಕೊಂಡು ನಡೆದದ್ದು ಬೇರೆ. ಮೈ, ಕೂದಲು, ಚರ್ಮ ಎಲ್ಲವೂ ತಂದೆತಾಯಿ ಕೊಟ್ಟದ್ದು, ಅದಕ್ಕೆ ಊನ ಮಾಡಿಕೊಳ್ಳದಿರುವುದೇ ಮಾತಾಪಿತೃಭಕ್ತಿಯ ಆರಂಭ ಎಂದು ಆ ಸಂಪ್ರದಾಯದ ಗ್ರಂಥವೇ ಹೇಳುತ್ತದೆ. ಆದರೂ ತಾಯಿಗೋ ತಂದೆಗೋ ಕಾಯಿಲೆಯಾದಾಗ ತೊಡೆಯ ಮಾಂಸವನ್ನು ಕೊಯ್ದು ಬೇಯಿಸಿ ಕೊಡುವ ಪದ್ಧತಿ ತಾಂಗ್ ಅರಸರ ಕಾಲದಿಂದ ಹಬ್ಬಿತು. ಸರ್ಕಾರ ಅಂಥವರಿಗೆ ಗೌರವ ಕೊಟ್ಟು ಮನೆ ತೆರಿಗೆಯನ್ನೂ ಮಾಫಿ ಮಾಡಿತು. ಹಾನ್ ಯೂ ಎಂಬ ದೊಡ್ಡ ಕನ್ಫ್ಯೂಷಿಯಸ್ ಪಂಡಿತ (768–824) ಇದನ್ನು ಖಂಡಿಸಿದ. ಕಾಯಿಲೆಗೆ ಔಷಧ ಕೊಡಬೇಕು, ಮೈ ಕೊಯ್ದುಕೊಳ್ಳುವುದು ಭಕ್ತಿಯಾಗಿದ್ದರೆ ಹಿಂದಿನ ಋಷಿಸಮಾನರು ಏಕೆ ಮಾಡಲಿಲ್ಲ ಎಂಬುದು ಅವನ ವಾದ. ಜನ ಕೇಳಲಿಲ್ಲ. 1394ರಲ್ಲಿ ಒಬ್ಬ ತಾಯಿಯ ಕಾಯಿಲೆ ವಾಸಿಯಾದ ಹರಕೆಗೆ ಮೂರು ವರ್ಷದ ತನ್ನ ಮಗನನ್ನೇ ಬಲಿ ಕೊಟ್ಟ. ಮಿಂಗ್ ವಂಶದ ಮೊದಲ ಚಕ್ರವರ್ತಿ ಕೆಂಡವಾಗಿ ಅವನಿಗೆ ನೂರು ಏಟು ಹೊಡೆಸಿ ಗಡೀಪಾರು ಮಾಡಿದ. ಇಂಥವರಿಗೆ ಇನ್ನು ಮರ್ಯಾದೆ ಸಲ್ಲದು ಎಂದು ಕಟ್ಟಳೆಯಾಯಿತು.

ಇಲ್ಲಿ ಕೊನೆಯ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ತೊಡೆ ಕೊಯ್ದುಕೊಂಡವನು ತನ್ನ ಮೈಯನ್ನಾದರೂ ಕೊಟ್ಟ, ಇವನು ಕೊಟ್ಟದ್ದು ಮಗುವಿನ ಮೈ. ವಿಧವೆಯರ ವಿಷಯದಲ್ಲೂ ಅದೇ ಆಯಿತು. ಚಿಂಗ್ ವಂಶದ ಕಾಲದಲ್ಲಿ ಮೂವತ್ತರೊಳಗೆ ಗಂಡನನ್ನು ಕಳೆದುಕೊಂಡು ಐವತ್ತರವರೆಗೆ ಮರುಮದುವೆಯಾಗದೆ ಉಳಿದ ಹೆಣ್ಣಿಗೆ ರಾಜಮನ್ನಣೆ ಸಿಗುತ್ತಿತ್ತು, ಅಂಥವರ ಹೆಸರಿನಲ್ಲಿ ಕಲ್ಲಿನ ಕಮಾನುಗಳು ಎದ್ದವು. ಕಮಾನು ಕಟ್ಟಿಸಿ ಕೀರ್ತಿ ಪಡೆದದ್ದು ಮನೆತನ. 1918ರಲ್ಲಿ ಲೂ ಷುನ್ ಎಂಬ ಲೇಖಕ ಇದರ ಮೇಲೆ ಲೇಖನ ಬರೆದು, ಈ ವ್ರತವನ್ನು ಬೋಧಿಸುವ ಗಂಡಸರು ತಾವು ಏನನ್ನು ಪಾಲಿಸುತ್ತಾರೆ ಎಂದು ಕೇಳಿದ. ಅದೇ ವರ್ಷದ ಅವನ ‘ಹುಚ್ಚನ ದಿನಚರಿ’ಯಲ್ಲಿ ಹಳೆಯ ಚರಿತ್ರೆಯ ಪುಸ್ತಕದ ಸಾಲುಗಳ ನಡುವೆ ಮನುಷ್ಯರನ್ನು ತಿನ್ನುವ ಮಾತೇ ಕಾಣುತ್ತದೆ. 1926ರ ಇನ್ನೊಂದು ಲೇಖನದಲ್ಲಿ ಅವನು ಬಾಲ್ಯದ ಒಂದು ಭಯವನ್ನು ಹೇಳುತ್ತಾನೆ. ಮಕ್ಕಳಿಗೆ ಕೊಡುವ ನೀತಿಕಥೆಗಳಲ್ಲಿ ಗುವೋ ಜೂ ಎಂಬ ಬಡವನ ಕಥೆ ಬರುತ್ತದೆ. ತಾಯಿಯ ಪಾಲಿನ ಅನ್ನವನ್ನು ಮಗು ತಿನ್ನುತ್ತದೆಂದು ಮಗುವನ್ನು ಹೂಳಲು ಅವನು ಗುಂಡಿ ತೋಡಿದ. ಗುಂಡಿಯಲ್ಲಿ ಚಿನ್ನ ಸಿಕ್ಕಿ ಮಗು ಉಳಿಯಿತು. ಅದನ್ನು ಓದಿದ ಹುಡುಗನಿಗೆ ತನ್ನ ತಂದೆಯೂ ಎಲ್ಲಿ ಅಷ್ಟು ಮಾತೃಭಕ್ತನಾಗಿಬಿಡುತ್ತಾನೋ ಎಂದು ಹೆದರಿಕೆಯಾಯಿತಂತೆ. ಮನೆಯಲ್ಲಿ ಅಜ್ಜಿಯಿದ್ದಳು, ಬಡತನವೂ ಬರುತ್ತಿತ್ತು.

ನಾವು ನಗುವಂತಿಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ನಮ್ಮ ಮನೆಮನೆಯಲ್ಲಿ ಹಾಡಾಗಿದೆ. ನೀರು ಬರಿಸಲು ಕಿರಿಸೊಸೆಯನ್ನು ಕೊಡುವುದೆಂದು ತೀರ್ಮಾನಿಸಿದವರು ಮನೆಯ ಹಿರಿಯರು, ಹೋದವಳು ಅವಳು. ಗಂಡ ದಂಡಿನಿಂದ ಬಂದು ತಾನೂ ಕೆರೆಗೆ ಹಾರಿದ. ಕೇಳುವ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆ ಕಣ್ಣೀರು ಹಿರಿಯರ ತೀರ್ಮಾನವನ್ನು ಸರಿ ಮಾಡುವುದಿಲ್ಲ.

ಇಷ್ಟೆಲ್ಲ ಓದುತ್ತ ಕುಳಿತದ್ದು ಕೇವಲ ಜ್ಞಾನದಾಹದಿಂದಲ್ಲ. ಮನೆಯಲ್ಲಿ ಒಂದು ತೀರ್ಮಾನ ಆಗಬೇಕಾಗಿತ್ತು. ಊರಲ್ಲಿ ನಮ್ಮ ತಾಯಿಗೆ ಎಂಬತ್ತೊಂದು. ಕಳೆದ ದೀಪಾವಳಿಯ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ. ನೋಡಿಕೊಳ್ಳುತ್ತಿರುವವಳು ನಮ್ಮ ಅಕ್ಕ. ಅವಳಿಗೆ ಐವತ್ತನಾಲ್ಕು, ಪ್ರಾಥಮಿಕ ಶಾಲೆಯ ಮೇಡಂ, ಮದುವೆಯಾಗಲಿಲ್ಲ. ಹಗಲು ನೆರೆಮನೆಯ ಹೆಂಗಸೊಬ್ಬರು ಬಂದು ಕೂರುತ್ತಾರೆ. ರಾತ್ರಿ ನಾಲ್ಕು ಸಲವಾದರೂ ಎದ್ದು ಅಮ್ಮನನ್ನು ಎತ್ತಿ ಹೊರಳಿಸಬೇಕು. ಬೆಳಿಗ್ಗೆ ಅಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ನಾವು ದಿಲ್ಲಿಯಲ್ಲಿ, ತಮ್ಮ ಪುಣೆಯಲ್ಲಿ. ತಿಂಗಳು ತಿಂಗಳು ದುಡ್ಡು ಹೋಗುತ್ತದೆ, ಅದರಲ್ಲಿ ಯಾರೂ ಕಡಿಮೆ ಮಾಡಿಲ್ಲ. ತಾಯಿಯನ್ನು ಇಲ್ಲಿಗೆ ಕರೆತರೋಣವೆಂದರೆ ನಮ್ಮ ಸರ್ಕಾರಿ ವಸತಿ ಮೂರನೆಯ ಮಹಡಿ, ಲಿಫ್ಟಿಲ್ಲ. ಅಮ್ಮನೂ ಒಪ್ಪಲಾರರು.

ತಂದೆತಾಯಿ ಇರುವಾಗ ದೂರ ಹೋಗಬಾರದು, ಹೋಗಲೇಬೇಕಾದರೆ ಎಲ್ಲಿರುತ್ತೇವೆಂಬುದು ಅವರಿಗೆ ಖಚಿತವಾಗಿ ಗೊತ್ತಿರಬೇಕು ಎಂದು ಕನ್ಫ್ಯೂಷಿಯಸ್ ಹೇಳುತ್ತಾನೆ. ಈ ಪತ್ರಿಕೆಯನ್ನು ಓದುವವರೆಲ್ಲ ದೂರ ಬಂದವರೇ. ಅವರ ವಯಸ್ಸು ನೆನಪಿರಬೇಕು, ಅದು ಸಂತೋಷಕ್ಕೂ ಕಾರಣ, ಭಯಕ್ಕೂ ಕಾರಣ ಎಂದೂ ಹೇಳಿದ್ದಾನೆ. ಬರಿಯ ಹೊಟ್ಟೆಗೆ ಹಾಕುವುದೇ ಸೇವೆಯೆಂದರೆ ನಾಯಿ ಕುದುರೆಗಳಿಗೂ ಹಾಕುತ್ತೇವಲ್ಲ ಎಂಬ ಮಾತಂತೂ ಬ್ಯಾಂಕಿನಿಂದ ಹಣ ಕಳಿಸಿದ ಸಂದೇಶ ಬಂದಾಗಲೆಲ್ಲ ನೆನಪಾಗುತ್ತದೆ.

ಈ ವರ್ಷ ಊರಿನ ಒಂದು ಸಂಘದವರು ಅಕ್ಕನಿಗೆ ಸನ್ಮಾನ ಮಾಡುತ್ತೇವೆಂದರು. ತಾಯಿಗಾಗಿ ಬಾಳನ್ನೇ ತ್ಯಾಗ ಮಾಡಿದ ಮಗಳು ಎಂದು ಒಂದು ಬಿರುದೂ ಇತ್ತು. ಅವಳನ್ನು ಒಪ್ಪಿಸಿ ಎಂದು ಅವರು ನಮಗೆ ಫೋನ್ ಮಾಡಿದರು, ನಾವು ಅವಳಿಗೆ ಮಾಡಿದೆವು. ಅಕ್ಕ ಪೂರ್ತಿ ಕೇಳಿಸಿಕೊಂಡು, “ಸನ್ಮಾನ ಬೇಡ ಕಣೋ. ನಾನು ಯಾವ ಬಾಳನ್ನೂ ತ್ಯಾಗ ಮಾಡಿಲ್ಲ, ನಮ್ಮಮ್ಮನ ಜೊತೆ ಇದೀನಿ, ಅಷ್ಟೇ. ಒಂದು ತಿಂಗಳು ರಾತ್ರಿ ನಿದ್ದೆ ಸಿಕ್ಕಿದ್ರೆ ಸಾಕು” ಎಂದಳು.

ಎರಡೇ ಮಾತು. ಮೊದಲನೆಯದರಲ್ಲಿ ಅವಳ ರೆನ್ ಇದೆ, ಯಾರೂ ಅದನ್ನು ತ್ಯಾಗವೆಂದು ತೂಗಿ ಬೆಲೆ ಕಟ್ಟುವುದು ಅವಳಿಗೆ ಬೇಡ. ಎರಡನೆಯದರಲ್ಲಿ ನಮ್ಮ ಪಾಲಿನ ಕೆಲಸ ಇದೆ. ಬಾಳಿನುದ್ದಕ್ಕೂ ಅನುಸರಿಸಬಹುದಾದ ಒಂದೇ ಮಾತು ಯಾವುದೆಂದು ಶಿಷ್ಯ ಝೀಗೊಂಗ್ ಕೇಳಿದಾಗ ಗುರು ‘ಶು’ ಎಂದ. ನಮಗೆ ಬೇಡವಾದದ್ದನ್ನು ಇನ್ನೊಬ್ಬರ ಮೇಲೆ ಹೇರದಿರುವುದು ಎಂದು ಅದರ ತಾತ್ಪರ್ಯ. ನಿದ್ದೆಯಿಲ್ಲದ ರಾತ್ರಿ ನಮಗೆ ಬೇಡ. ಅದನ್ನು ಅವಳಿಗೆ ಬಿಟ್ಟು ಶಾಲು ಹೊದಿಸುವುದು ಶು ಅಲ್ಲ. ಹಾಗೆಂದು ನಾವು ಕೆಲಸ ಬಿಟ್ಟು ಊರು ಸೇರಿದರೆ ಮಗಳ ಕಾಲೇಜು ನಿಲ್ಲುತ್ತದೆ, ಅಕ್ಕನಿಗೆ ಕಳಿಸುವ ದುಡ್ಡೂ ನಿಲ್ಲುತ್ತದೆ. ಅದು ಬಾವಿಗೆ ಹಾರಿದಂತೆ.

ಆದ್ದರಿಂದ ಉಗ್ರಾಣದ ಗುಮಾಸ್ತನಂತೆ ಲೆಕ್ಕಕ್ಕೆ ಕುಳಿತೆವು. ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳಂತೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ. ಇವಲ್ಲದೆ 8 ದಿನ ಸಾಂದರ್ಭಿಕ ರಜೆ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಇವನ್ನು ಬಳಸಬಹುದೆಂದು ಸರ್ಕಾರವೇ 2025ರ ಜುಲೈಯಲ್ಲಿ ರಾಜ್ಯಸಭೆಗೆ ತಿಳಿಸಿದೆ. ಬಳಸದ ಗಳಿಕೆ ರಜೆಯನ್ನು 300 ದಿನಗಳವರೆಗೆ ಕೂಡಿಟ್ಟು ನಿವೃತ್ತಿಯಲ್ಲಿ ನಗದು ಮಾಡಿಕೊಳ್ಳುವುದು ನಮ್ಮ ಗುಮಾಸ್ತ ಕುಲದ ವೇದ. ಮಗಳ ಮದುವೆ, ಮನೆಯ ಸಾಲ ಎಲ್ಲವೂ ಆ ಮುನ್ನೂರರ ಮೇಲೆ ನಿಂತಿರುತ್ತವೆ. ನಮ್ಮ ಖಾತೆಯಲ್ಲಿ 240 ಇವೆ. ಅದರಿಂದ ವರ್ಷಕ್ಕೆ ಎರಡು ತಿಂಗಳು ತೆಗೆಯುವುದು, ತಮ್ಮ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಇನ್ನೆರಡು ತಿಂಗಳು ಊರಲ್ಲಿರುವುದು, ಉಳಿದ ತಿಂಗಳುಗಳಿಗೆ ರಾತ್ರಿಯ ಆಯಾಗೆ ಇಬ್ಬರೂ ಸೇರಿ ಸಂಬಳ ಕೊಡುವುದು. ಇದು ತ್ಯಾಗವಲ್ಲ, ಹಂಚಿಕೆ.

ಮನೆಯವರು ಈ ಪಟ್ಟಿಯನ್ನು ನೋಡಿ ಒಂದು ತಿದ್ದುಪಡಿ ಹಾಕಿದರು. “ನೀವೊಬ್ಬರೇ ಹೋಗಿ. ನಾನೂ ಬಂದರೆ ಮೂರನೇ ದಿನಕ್ಕೆ ಕೆಲಸವೆಲ್ಲ ನನ್ನ ಕೈಗೆ ಬಂದಿರುತ್ತೆ, ನೀವು ಜಗಲಿ ಮೇಲೆ ಪೇಪರು ಓದ್ತಿರ್ತೀರಿ” ಎಂದರು. ಭಾಗೀರಥಿಯ ಮನೆಯಲ್ಲಿ ಹೀಗೆ ಹೇಳುವವರೊಬ್ಬರು ಇರಬೇಕಾಗಿತ್ತು. ತಿದ್ದುಪಡಿ ಅಂಗೀಕಾರವಾಯಿತು.

ಅಕ್ಕನಿಗೆ ಹೇಳಿದಾಗ ಅವಳು ಸಂತೋಷಪಟ್ಟಳೆಂದು ಬರೆಯುವಂತಿಲ್ಲ. “ಬಂದು ಏನ್ ಮಾಡ್ತೀಯಾ? ಅಮ್ಮನ್ನ ಎತ್ತಿ ಕೂರಿಸಕ್ಕೆ ಬರತ್ತಾ?” ಎಂದಳು. ಬರುವುದಿಲ್ಲ, ಹೇಳಿಕೊಡು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆನ್ನಿನ ಕೆಳಗೆ ಮೊದಲು ಯಾವ ಕೈ ಹಾಕಬೇಕೆಂದು ಫೋನಿನಲ್ಲೇ ವಿವರಿಸತೊಡಗಿದಳು. ಅಮ್ಮ ಹಿಂದಿನಿಂದ, ಅವನ ಕೆಲಸ ಹೋಗಲ್ವಂತಾ ಎಂದು ಎರಡು ಸಲ ಕೇಳಿದರು. ಈ ಏರ್ಪಾಡು ಎಷ್ಟು ದಿನ ನಡೆದೀತು, ರಾತ್ರಿಯ ಆಯಾ ನಿಲ್ಲುವಳೋ ಇಲ್ಲವೋ, ತಮ್ಮನ ಕಂಪನಿಯವರು ಎರಡನೆಯ ವರ್ಷವೂ ಒಪ್ಪುವರೋ, ಯಾವುದೂ ಗೊತ್ತಿಲ್ಲ. ಹೊರೆ ಭಾರ, ದಾರಿ ದೂರ ಎಂದು ಕನ್ಫ್ಯೂಷಿಯಸ್ಸನ ಶಿಷ್ಯನೊಬ್ಬ ಹೇಳಿದ್ದು ಸುಮ್ಮನಲ್ಲ.

ಈಗ ಕಡತಗಳೆಲ್ಲ ಕಂಪ್ಯೂಟರಿನಲ್ಲೇ ಓಡಾಡುತ್ತವೆ. ನಲವತ್ತೈದು ದಿನದ ರಜೆಯ ಅರ್ಜಿಯನ್ನು ಕಳೆದ ವಾರ ಕಳಿಸಿದೆವು. ಕಾರಣ ಎಂಬಲ್ಲಿ ‘ತಾಯಿಯ ಆರೈಕೆ’ ಎಂದಷ್ಟೇ ಬರೆದೆವು. ನಿನ್ನೆ ಅದು ಮೇಲಧಿಕಾರಿಗಳ ಪ್ರಶ್ನೆಯೊಂದನ್ನು ಹೊತ್ತು ಹಿಂತಿರುಗಿತು: ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲವೇ? ಇದ್ದಾರೆ, ಅವರಿಗೂ ನಿದ್ದೆ ಬೇಕಾಗಿದೆ ಎಂದು ಬರೆದು ಮತ್ತೆ ಕಳಿಸಿದ್ದೇವೆ.